ಆರಾಮಕುರ್ಚಿಯ ಪ್ರವೇಶ ಪರೀಕ್ಷೆ

ಮಾವನ ಮನೆಯ ಹಜಾರದಲ್ಲಿ ಅಳಿಯಂದಿರಿಗೆಂದು ಎರಡು ಆಸನಗಳಿದ್ದವು. ಒಂದು, ಕಿಟಕಿಯ ಪಕ್ಕದ ಆರಾಮಕುರ್ಚಿ. ಅಗಲವಾದ ಕೈಗಳು, ಬೆನ್ನಿಗೆ ಮೆತ್ತೆ, ಕೂತವನು ತಾನಾಗಿಯೇ ದೇಶದ ಬಗ್ಗೆ ಅಭಿಪ್ರಾಯ ಹೇಳತೊಡಗುವಂಥ ಹಿತವಾದ ಓರೆ. ಇನ್ನೊಂದು, ಅಡುಗೆಮನೆಯ ಬಾಗಿಲ ಬಳಿಯ ಸ್ಟೂಲು. ಅದಕ್ಕೆ ನಾಲ್ಕು ಕಾಲುಗಳಿದ್ದರೂ ಯಾವ ಹೊತ್ತಿನಲ್ಲಿ ನೋಡಿದರೂ ಮೂರೇ ಡ್ಯೂಟಿಯಲ್ಲಿರುತ್ತಿದ್ದವು, ನಾಲ್ಕನೆಯದು ರಜೆ. ಇವತ್ತು ರಜೆ ಹಾಕಿದ ಕಾಲು ಯಾವುದೆಂಬುದು ಕೂತ ಮೇಲಷ್ಟೇ ತಿಳಿಯುತ್ತಿತ್ತು.

ಹೆಚ್ಚು ಓದಿದವರಿಗೆ ಹೆಚ್ಚು ಮೆತ್ತೆ ಎಂಬುದು ಮಾವನ ಕಾನೂನು. ಮಾವ ನಿವೃತ್ತ ಸ್ಟೇಷನ್ ಮಾಸ್ಟರ್. ನಿವೃತ್ತಿಯಾದದ್ದು ಅವರ ನೌಕರಿ ಮಾತ್ರ, ಗಂಟಲಲ್ಲ.

"ದಯವಿಟ್ಟು ಗಮನಿಸಿ. ಊಟ ಇನ್ನು ಸ್ವಲ್ಪವೇ ಹೊತ್ತಿನಲ್ಲಿ ಹಜಾರಕ್ಕೆ ಆಗಮಿಸಲಿದೆ. ವಿಳಂಬಕ್ಕಾಗಿ ನಿಮ್ಮ ಅತ್ತೆ ವಿಷಾದಿಸುತ್ತಾರೆ," ಎಂದು ಅವರು ಘೋಷಿಸುತ್ತಿದ್ದರು. ಒಳಗಿನಿಂದ ಅತ್ತೆ, "ನಾನೇನೂ ವಿಷಾದಿಸಲ್ಲ," ಎನ್ನುವುದು ಆ ಪ್ರಕಟಣೆಯ ಎರಡನೆಯ ಭಾಗ.

ಕಾನೂನಿನ ಪ್ರಕಾರ ಕುರ್ಚಿ ಹಿರಿಯಳಿಯನದು. ಅವನು ವಿಮಾ ಕಂಪನಿಯಲ್ಲಿ ಅಧಿಕಾರಿ. ಸ್ಟೂಲು ಕಿರಿಯಳಿಯನದು. ಈ ಕಥೆ ಸ್ಟೂಲಿನವನದು.

ಮಿಕ್ಸರು, ಫ್ಯಾನು, ಬಟ್ಟೆ ಒಗೆಯುವ ಯಂತ್ರ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅವನು ದೂರು ಕೌಂಟರಿನ ಗುಮಾಸ್ತ. ಯಾರು ಏನು ಹೇಳಿದರೂ "ಆಯ್ತು ಸಾರ್" ಅನ್ನುತ್ತಿದ್ದ. ಹೆಂಗಸರಿಗೂ ಅದೇ, ರಾಂಗ್ ನಂಬರಿಗೂ ಅದೇ. ಹೀಗಾಗಿ ಅಂಗಡಿಯಲ್ಲಿ ಅವನ ಹೆಸರೇ ಆಯ್ತುಸಾರ್ ಎಂದಾಗಿಹೋಗಿತ್ತು. ಜೋರು ದನಿಯ ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಅವನ ಪೆನ್ನು ಕೆಳಗೆ ಬೀಳುತ್ತಿತ್ತು. ಹುಡುಕಲು ಕೌಂಟರಿನ ಅಡಿಗೆ ಇಳಿದವನು ಗಿರಾಕಿ ದಣಿದು ಹೋದ ಮೇಲೆಯೇ ಮೇಲೇಳುತ್ತಿದ್ದ. ಬಿದ್ದ ಪೆನ್ನು ಅಷ್ಟು ಹೊತ್ತೂ ಅವನ ಕೈಯಲ್ಲೇ ಇರುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಭಾನುವಾರ ಮಾವನ ಮನೆಯಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ಷಡ್ಡಕ ಆರಾಮಕುರ್ಚಿಯಲ್ಲಿ ಒರಗಿ ತನ್ನ ಎಂದಿನ ಕಥೆ ಶುರುಮಾಡಿದ.

"ಬಿಸಿನೆಸ್ ಸ್ಕೂಲ್ ಪ್ರವೇಶ ಪರೀಕ್ಷೆ ಅಂದ್ರೆ ಹುಡುಗಾಟ ಅಲ್ಲ ಮಾವ. ಆವತ್ತು ಕೂದಲೆಳೆಯಷ್ಟರಲ್ಲಿ ನನಗೆ ಸೀಟು ತಪ್ಪಿಹೋಯ್ತು."

ಆ ಕಥೆ ಹೇಳತೊಡಗಿದಂದಿನಿಂದ ಅವನ ತಲೆಯ ಮೇಲೆ ಅಂಥ ಎಳೆಗಳು ಕಡಿಮೆಯಾಗುತ್ತಲೇ ಬಂದಿದ್ದವು, ಕಥೆ ಮಾತ್ರ ದಟ್ಟವಾಗುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ನಮಗೆ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಅವನು ಸ್ಟೂಲಿನತ್ತ ತಿರುಗಿ, "ಪಾಪ, ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡಯ್ಯ. ನಿನ್ನ ಕೌಂಟರು, ನಿನ್ನ ಕೆಟ್ಟ ಮಿಕ್ಸರು," ಎಂದ.

ಸ್ಟೂಲಿನ ಒಂದು ಕಾಲು ಆಗಲೇ ರಜೆ ಹಾಕಿತು. ಬೀಳದಿರಲು ಎದ್ದು ನಿಂತ ಆಯ್ತುಸಾರ್‌ನನ್ನು ನೋಡಿ, ಏನೋ ಹೇಳಲು ಎದ್ದಿದ್ದಾನೆಂದು ಎಲ್ಲರೂ ಸುಮ್ಮನಾದರು. ಎದ್ದ ಮೇಲೆ ಏನಾದರೂ ಹೇಳಲೇಬೇಕಲ್ಲ.

"ನಾನೂ ಆ ಪರೀಕ್ಷೆ ಬರೀತಿದೀನಿ ಭಾವ," ಎಂದುಬಿಟ್ಟ.

ಅತ್ತೆಯ ಕೈಯ ಸೌಟು ಗಾಳಿಯಲ್ಲಿ ನಿಂತಿತು. ಮಾವ ಕತ್ತು ಸರಿಮಾಡಿಕೊಂಡರು. "ದಯವಿಟ್ಟು ಗಮನಿಸಿ. ಕಿರಿಯಳಿಯಂದಿರು ಬಿಸಿನೆಸ್ ಸ್ಕೂಲಿಗೆ ಹೊರಡಲಿದ್ದಾರೆ. ಸೀಟು ಸಿಕ್ಕಿದಲ್ಲಿ ಆರಾಮಕುರ್ಚಿ ಅವರದು. ಸಿಗದಿದ್ದಲ್ಲಿ ಈ ಮಾತನ್ನು ಇನ್ನೊಮ್ಮೆ ಎತ್ತತಕ್ಕದ್ದಲ್ಲ."

ಮನೆಗೆ ಮರಳುವ ದಾರಿಯುದ್ದಕ್ಕೂ ಆಯ್ತುಸಾರ್ ಇದರಿಂದ ಜಾರಿಕೊಳ್ಳುವ ಉಪಾಯಗಳನ್ನೇ ಯೋಚಿಸುತ್ತಿದ್ದ. ಜ್ವರವೆಂದರೆ? ಅರ್ಜಿ ಕಳೆದುಹೋಯಿತೆಂದರೆ? ಮನೆಯ ಬಾಗಿಲು ತೆಗೆಯುತ್ತ ಹೆಂಡತಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಮದುವೆ ಆದಾಗಿನಿಂದ ನೋಡ್ತಾ ಬಂದಿದೀನಿ ರೀ. ಅಕ್ಕನ ಗಂಡ ಕುರ್ಚೀಲಿ, ನನ್ನ ಗಂಡ ಸ್ಟೂಲಲ್ಲಿ. ಬಡಿಸೋಕೆ ಬಂದಾಗ ನಾನು ನಿಮ್ಮ ಮುಖ ನೋಡಲ್ಲ. ಸ್ಟೂಲಿನ ಕಾಲು ನೋಡ್ತೀನಿ."

ಜ್ವರದ ಉಪಾಯ ಅಲ್ಲಿಗೇ ಬಿಟ್ಟಿತು.

ಕೋಚಿಂಗ್ ಕ್ಲಾಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಗಾಳಿ ತುಂಬುವ ಯಂತ್ರ ಬುಸ್ ಎನ್ನುತ್ತಿದ್ದರೆ ಮೇಲೆ ಮೇಷ್ಟ್ರು ಅದೇ ಕೆಲಸ ಮಾಡುತ್ತಿದ್ದರು. ಅವರಿಗೊಂದು ಅಭ್ಯಾಸ. ತಾವೇ ಪ್ರಶ್ನೆ ಕೇಳಿ ತಾವೇ ತಳ್ಳಿಹಾಕುವುದು.

"ಈ ಪರೀಕ್ಷೆ ಎಲ್ಲರಿಗೂ ಒಂದೇ, ಅಲ್ವಾ? ಅಲ್ಲ. ಕಂಪ್ಯೂಟರ್ ನಿಮ್ಮನ್ನ ನೋಡ್ತಾ ಇರುತ್ತೆ. ಸರಿ ಉತ್ತರ ಕೊಟ್ರೆ ಮುಂದಿನದು ಇನ್ನೂ ಕಷ್ಟದ್ದು ಕೊಡುತ್ತೆ. ತಪ್ಪು ಮಾಡಿದ್ರೆ ಸುಲಭದ್ದು. ಸುಲಭದ್ದು ಬಂತು ಅಂದ್ರೆ ಖುಷಿ ಪಡಬೇಕು, ಅಲ್ವಾ? ಅಲ್ಲ. ನಿಮ್ಮ ಕಥೆ ಮುಗೀತಾ ಬಂತು ಅಂತ ಅರ್ಥ. ಕಷ್ಟ ಬಂದ್ರೆ ಹೆದರ್ಕೋಬೇಕು, ಅಲ್ವಾ?"

"ಅಲ್ಲ," ಎಂದಿತು ಕ್ಲಾಸು.

"ಅಲ್ಲ. ನೀವು ಮೇಲೆ ಹೋಗ್ತಿದೀರಿ ಅಂತ."

ಶೇಕಡಾವಾರು, ತ್ರಿಕೋನ, ಮಿಶ್ರಣದ ಲೆಕ್ಕ ಇವೆಲ್ಲ ಆಯ್ತುಸಾರ್‌ನ ತಲೆಯ ಬಾಗಿಲು ತಟ್ಟಿ, ಒಳಗಿನಿಂದ "ಆಯ್ತು ಸಾರ್" ಎಂಬ ಉತ್ತರ ಕೇಳಿ ಹಿಂದಿರುಗಿದವು. ಆದರೆ ಈ ಒಂದು ಮಾತು ಮಾತ್ರ ಒಳಗೆ ಬಂದು, ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತುಬಿಟ್ಟಿತು. ತೊಂದರೆಯೆಂದರೆ, ಮೇಷ್ಟ್ರು ಹೇಳಿದ್ದು ಪರೀಕ್ಷೆಯ ವಿಚಾರವೆಂದು ಅವನಿಗೆ ತೋಚಲೇ ಇಲ್ಲ. ಬಾಳುವ ವಿಧಾನವನ್ನು ಯಾರೋ ಕೊನೆಗೂ ಬಿಡಿಸಿ ಹೇಳಿದರೆಂದು ಅವನು ತಿಳಿದುಕೊಂಡ.

ಮೊದಲ ಪರಿಣಾಮ ಮನೆಯಲ್ಲಾಯಿತು. ಹೆಂಡತಿ ಬೆಳಿಗ್ಗೆ ನಗುತ್ತ ಕಾಫಿ ತಂದಿಟ್ಟಳು. ಅವನು ಬಿಳಿಚಿಕೊಂಡ.

"ಯಾಕೆ, ನಾನೇನು ತಪ್ಪು ಮಾಡ್ದೆ?"

"ಏನೂ ಇಲ್ವಲ್ಲ. ಕುಡೀರಿ."

"ಬೈಯೋದು ಏನೂ ಇಲ್ವಾ? ಚೆನ್ನಾಗಿ ಯೋಚನೆ ಮಾಡಿ ನೋಡು."

ಅವಳು ಯೋಚಿಸಿದಳು. ಯೋಚಿಸಿದರೆ ಯಾವ ಹೆಂಡತಿಗೆ ಸಿಗುವುದಿಲ್ಲ? ಸೋರುವ ನಲ್ಲಿಯಿಂದ ಶುರುವಾಗಿ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದನ್ನು ಹಾದು, ಮದುವೆಯ ದಿನ ಫೋಟೊದಲ್ಲಿ ಕಣ್ಣು ಮುಚ್ಚಿದ್ದರವರೆಗೆ ಬಂದಳು. ಅವನ ಮುಖಕ್ಕೆ ಬಣ್ಣ ಮರಳಿತು. "ಈಗ ಸರಿ ಹೋಯ್ತು," ಎಂದು ಕಾಫಿ ಕುಡಿದು ಶಿಳ್ಳೆ ಹಾಕುತ್ತ ಹೊರಟ. ಅವಳು ತಕ್ಷಣ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಗಂಡನಿಗೆ ಹೇಳಿದಳು. ಷಡ್ಡಕ ವಿಮಾ ಅಧಿಕಾರಿಯ ಗಾಂಭೀರ್ಯದಿಂದ, "ಇದು ಆರಂಭದ ಲಕ್ಷಣ," ಎಂದ. ಯಾವುದರ ಆರಂಭವೆಂದು ಹೇಳಲಿಲ್ಲ. ಹೇಳದೆ ಇದ್ದುದರಿಂದ ಮಾತಿಗೆ ತೂಕ ಬಂತು.

ಎರಡನೆಯ ಪರಿಣಾಮ ಮೆಟ್ಟಿಲ ಮೇಲೆ. ಬಾಡಿಗೆ ಮನೆಯ ಯಜಮಾನ, ವರ್ಷಗಳಿಂದ ಆಯ್ತುಸಾರ್‌ನನ್ನು ಗದರಿಸಿಯೇ ಹಸಿವು ಬರಿಸಿಕೊಳ್ಳುತ್ತಿದ್ದವನು, ದಾರಿಗೆ ಅಡ್ಡ ನಿಂತ.

"ಏನ್ರೀ, ನಿಮ್ಮ ನೀರು ನಮ್ಮ ಗೋಡೆಗೆ ಇಳೀತಿದೆ. ಮನೆ ಖಾಲಿ ಮಾಡಿಸ್ಬಿಡ್ತೀನಿ, ನೋಡ್ತಿರಿ."

ಆಯ್ತುಸಾರ್ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. "ತುಂಬಾ ಉಪಕಾರ ಆಯ್ತು ಸಾರ್. ಇದಕ್ಕಿಂತ ಕಷ್ಟದ್ದು ಏನಾದ್ರೂ ಇದ್ರೆ ದಯವಿಟ್ಟು ಮುಚ್ಚಿಡಬೇಡಿ."

ಯಜಮಾನ ಕೈ ಬಿಡಿಸಿಕೊಂಡು ಮೂರು ಮೆಟ್ಟಿಲು ಹಿಂದೆ ಸರಿದ. ನಗುವ ಬಾಡಿಗೆದಾರನನ್ನು ಅವನು ಕಂಡದ್ದು ಅದೇ ಮೊದಲು; ಅಂಥವನ ಹಿಂದೆ ವಕೀಲ ಇದ್ದೇ ಇರುತ್ತಾನೆಂಬುದು ಅವನ ತರ್ಕ. ಮಧ್ಯಾಹ್ನದೊಳಗೆ ಕೊಳಾಯಿಯವನು ಬಂದು ನಲ್ಲಿ ಸರಿಮಾಡಿದ, ಯಜಮಾನನ ಖರ್ಚಿನಲ್ಲಿ. ನಲ್ಲಿ ನಿಂತಿತೆಂದು ಹೆಂಡತಿ ಹಿಗ್ಗಿದಳು. ಬೈಗುಳದ ಒಂದು ಮೂಲವೇ ಬತ್ತಿತೆಂದು ಆಯ್ತುಸಾರ್ ಚಿಂತೆಗೆ ಬಿದ್ದ.

ಚಿಂತೆ ಅಂಗಡಿಯಲ್ಲಿ ಕಳೆಯಿತು. ಅಂಗಡಿಯ ಸಿಬ್ಬಂದಿ ಸುಪ್ರೀಂ ಕೋರ್ಟ್ ಎಂದು ಕರೆಯುತ್ತಿದ್ದ ಗಿರಾಕಿಯೊಬ್ಬರಿದ್ದರು. ಅವರ ಮೇಲೆ ಅಪೀಲಿಲ್ಲ. ಅವರು ಬಟ್ಟೆ ಒಗೆಯುವ ಯಂತ್ರದ ದೂರಿನೊಂದಿಗೆ ಒಳಗೆ ಬಂದ ಕೂಡಲೇ ಮಾರಾಟದವರು ಫ್ರಿಜ್ಜುಗಳ ಹಿಂದೆ ಅಡಗಿದರು. ಮಾಲೀಕ ತನ್ನ ಗಾಜಿನ ಕೋಣೆಯ ಪರದೆ ಎಳೆದುಕೊಂಡ. ಎಲ್ಲರೂ ಪೆನ್ನು ಬೀಳುವ ಸದ್ದಿಗೆ ಕಾದರು.

ಪೆನ್ನು ಬೀಳಲಿಲ್ಲ. ಆಯ್ತುಸಾರ್ ಕೌಂಟರಿನಿಂದ ಹೊರಬಂದು ಅವರನ್ನು ಎದುರುಗೊಂಡ.

"ಬನ್ನಿ ಮೇಡಂ. ನಿಮಗೋಸ್ಕರಾನೇ ಕಾಯ್ತಿದ್ದೆ."

"ನಿಮ್ಮ ಮಷೀನು ನನ್ನ ಬಟ್ಟೆ ಒಗೆಯೋದಿಲ್ಲ, ಹರಿಯುತ್ತೆ. ನಿಮ್ಮ ಮೆಕ್ಯಾನಿಕ್ ಬಂದು ಮಷೀನು ನೋಡೋ ಬದಲು ನನ್ನ ಮನೆ ಟಿವಿ ನೋಡ್ಕೊಂಡು ಹೋದ."

"ಚೆನ್ನಾಗಿದೆ ಮೇಡಂ. ಮುಂದೆ?"

"ಮುಂದೆ ಅಂದ್ರೆ?"

"ಇಷ್ಟು ಮಧ್ಯಮ ದರ್ಜೆಯದು. ನಿಮ್ಮ ಹತ್ರ ಇನ್ನೂ ಮೇಲಿನದು ಇರುತ್ತೆ ಅಂತ ನನಗೆ ಭರವಸೆ ಇದೆ."

ಅವರು ತಮ್ಮ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದರು. ಅವನು ಪ್ರತಿ ಆರೋಪಕ್ಕೂ ತಲೆದೂಗಿದ, ಕಠಿಣವಾದ ಕಡೆ "ಭೇಷ್" ಎಂದ, ಬಿಟ್ಟುಹೋದ ಅಂಶವೊಂದನ್ನು ನೆನಪಿಸಿಯೂ ಕೊಟ್ಟ. ಆಮೇಲೆ ಕೂತು ಒಂದೊಂದನ್ನೇ ಬಿಡಿಸಿದ. ಓಡಿಹೋಗದೆ ಕೇಳಿಸಿಕೊಂಡರೆ ದೂರಿನೊಳಗೇ ಪರಿಹಾರ ಇರುತ್ತದೆಂಬುದು ಅವನಿಗೆ ಆವತ್ತು ತಿಳಿಯಿತು. ಹೋಗುವಾಗ ಸುಪ್ರೀಂ ಕೋರ್ಟ್ ಒಂದು ಫ್ಯಾನು ಕೊಂಡುಕೊಂಡು ಹೋಯಿತು.

ಮಾಲೀಕ ಪರದೆ ಸರಿಸಿ ಹೊರಬಂದ. ಮೆಚ್ಚುಗೆಯಿಂದ ಆಯ್ತುಸಾರ್ ಬೆನ್ನು ತಟ್ಟಿದ. "ಪರೀಕ್ಷೆಗೆ ಓದ್ತಿದೀಯಂತೆ. ನಾಳೆಯಿಂದ ಒಳಗೆ ಏಸಿ ರೂಮಲ್ಲಿ ಕೂತ್ಕೋ. ಕೆಲಸ ಏನೂ ಬೇಡ. ಸುಮ್ನೆ ಓದ್ಕೋ."

ಆಯ್ತುಸಾರ್‌ನ ಕಣ್ಣಲ್ಲಿ ನೀರು ಬಂತು. "ಸಾರ್, ನನ್ನಿಂದ ಏನು ತಪ್ಪಾಯ್ತು ಸಾರ್? ಅಷ್ಟೊಂದು ಸುಲಭಕ್ಕೆ ಇಳಿಸಬೇಡಿ. ಬೇಕಾದ್ರೆ ಗೋಡೌನಿನ ಹಳೇ ದೂರನ್ನೆಲ್ಲ ಕೊಡಿ."

ಕೆಲಸ ಕಡಿಮೆ ಮಾಡಿದರೆ ಅಳುವ ನೌಕರನನ್ನು ಮಾಲೀಕ ತನ್ನ ವ್ಯಾಪಾರದ ಇತಿಹಾಸದಲ್ಲೇ ಕಂಡಿರಲಿಲ್ಲ. "ಸೀಟು ಸಿಗಲಿ, ನಿನ್ನನ್ನ ಮ್ಯಾನೇಜರ್ ಮಾಡ್ತೀನಿ," ಎಂದು ಅಲ್ಲೇ ನಿಂತು ಮಾತು ಕೊಟ್ಟ. ಮಾತು ಸಿಹಿಯಾಗಿದ್ದರಿಂದ ಆಯ್ತುಸಾರ್‌ಗೆ ಆವತ್ತು ಊಟ ಸೇರಲಿಲ್ಲ.

ಇಷ್ಟರಲ್ಲಿ ಓದೂ ಸಾಗಿತ್ತು. ಮೊದಲೆಲ್ಲ ಕಷ್ಟದ ಲೆಕ್ಕ ಕಂಡರೆ ಪುಸ್ತಕ ಮುಚ್ಚುತ್ತಿದ್ದವನು ಈಗ ಕೊನೆಯ ಪುಟಗಳಿಂದಲೇ ತೆರೆಯುತ್ತಿದ್ದ, ಅಲ್ಲಿ ಕೊಬ್ಬಿದ ಲೆಕ್ಕಗಳಿರುತ್ತವೆಂದು. ಒಂದೊಂದರ ಮುಂದೆಯೂ ಸುಪ್ರೀಂ ಕೋರ್ಟ್ ಎದುರು ಕೂತ ಹಾಗೆ ಕೂತು, "ಹೇಳಿ ಮೇಡಂ," ಎನ್ನುತ್ತಿದ್ದ. ಒಂದು ಭಾನುವಾರ ರೈಲಿನ ಲೆಕ್ಕವನ್ನು ಮಾವನ ಮುಂದೆ ಗಟ್ಟಿಯಾಗಿ ಓದಿದ್ದು ಮಾತ್ರ ತಪ್ಪಾಯಿತು. ಎರಡು ರೈಲುಗಳು ಎದುರು ಬದುರು ಹೊರಟಿವೆ, ಯಾವಾಗ ಸಂಧಿಸುತ್ತವೆ?

ಮಾವ ಎದ್ದು ನಿಂತರು. "ಸಂಧಿಸೋದಾ? ಎದುರು ಬದುರು ಎರಡು ಗಾಡಿಗೆ ಸಿಗ್ನಲ್ ಕೊಟ್ಟೋನು ಯಾವನು?"

"ಲೆಕ್ಕ ಅಷ್ಟೇ ಮಾವ."

"ಲೆಕ್ಕ ಆಮೇಲೆ. ಮೊದಲು ಒಂದು ಗಾಡೀನ ನಿಲ್ಲಿಸಿ."

ಅಳಿಯ ಪೆನ್ಸಿಲ್ ಕೆಳಗಿಟ್ಟು ಒಂದು ಗಾಡಿಯನ್ನು ನಿಲ್ಲಿಸಿದ ಮೇಲೆಯೇ ಅವರು ಕೂತದ್ದು. ಗಾಡಿ ನಡುವೆ ಎಷ್ಟು ಹೊತ್ತು ನಿಂತಿತೆಂಬುದೂ ಸೇರಿಕೊಂಡು ಲೆಕ್ಕ ಇನ್ನಷ್ಟು ಕಷ್ಟವಾಯಿತು. ಆಯ್ತುಸಾರ್ ಸಂತೋಷದಿಂದ ಅವರ ಕಾಲಿಗೆ ಬೀಳುವುದೊಂದು ಬಾಕಿ.

ಹೆಂಡತಿಗೆ ಈ ಹೊತ್ತಿಗೆ ಗಂಡನ ಯಂತ್ರ ಹೇಗೆ ಓಡುತ್ತದೆಂಬುದು ಅರ್ಥವಾಗಿತ್ತು. ಆದರೆ ಅದೇ ಸುದ್ದಿ ಅಕ್ಕನ ಬಾಯಿಂದ ಷಡ್ಡಕನಿಗೂ ತಲುಪಿತ್ತು.  ಅವನು ಕನ್ನಡಿ ಮುಂದೆ ನಿಂತು ಮಂದಹಾಸವನ್ನು ಅಭ್ಯಾಸ ಮಾಡತೊಡಗಿದ.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಬಾಗಿಲಲ್ಲೇ ಆರಂಭಿಸಿದಳು.

"ಏನ್ರೀ ಅದು ಶರ್ಟು? ಮಡಚಿ ಇಟ್ಟಿದ್ದನ್ನ ಹಾಕ್ಕೊಂಡ್ರಾ, ಮುದುರಿ ಎಸೆದಿದ್ದನ್ನಾ? ಪೆನ್ಸಿಲ್ ಎಲ್ಲಿ? ನಿಮ್ಮನ್ನ ಕಟ್ಕೊಂಡು ನಾನೇನು ಸುಖ ಕಂಡೆ?"

ಬಸ್ಸಿನಲ್ಲಿಯೂ ಅದೇ. ಸೀಟಿನಲ್ಲಿದ್ದ ಮುದುಕಿಯೊಬ್ಬಳು ತಡೆಯಲಾರದೆ, "ಸಾಕು ಬಿಡಮ್ಮ, ಗಂಡಸರ ಮನಸ್ಸೂ ನೋಯುತ್ತೆ," ಎಂದಳು. ಆಯ್ತುಸಾರ್ ಗಾಬರಿಯಿಂದ, "ನೀವು ಸುಮ್ನಿರಿ ಅಜ್ಜಿ, ಅವಳು ಚೆನ್ನಾಗಿ ಹೇಳ್ತಿದಾಳೆ," ಎಂದ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ನಿಂತ.

ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಷಡ್ಡಕ ಕಾಯುತ್ತಿದ್ದ. ಮುಖದ ತುಂಬ ಆ ಮಂದಹಾಸ. ಕೈಯಲ್ಲಿ ಹೂಗುಚ್ಛ.

"ಬಾರಯ್ಯ ಬಾ. ನಿನಗೇನಪ್ಪ, ನೀನು ಬುದ್ಧಿವಂತ. ಎಲ್ಲ ಸಲೀಸು. ನೀನು ಪಾಸಾದ ಹಾಗೇ ಅಂದ್ಕೋ. ಹಾಯಾಗಿ ಬರಿ."

ಪ್ರತಿಯೊಂದು ಮಾತೂ ಆಯ್ತುಸಾರ್‌ನ ಎದೆಗೆ ನಾಟಿತು.  "ಭಾವ ನನ್ನನ್ನ ಹೊಗಳ್ತಿದಾರೆ," ಎಂದು ಹೆಂಡತಿಯ ಕಡೆ ತಿರುಗಿದ ಅವನ ದನಿ ಕೀರಲಾಗಿತ್ತು. "ಎಲ್ಲ ಮುಗೀತು ಕಣೇ."

ಅವಳು ಹೂಗುಚ್ಛವನ್ನು ಕಿತ್ತುಕೊಂಡು ಗಂಡನ ಬೆನ್ನಿಗೆ ಒಂದು ಬಿಟ್ಟಳು.

"ಯಾರು ಮುಗೀತು ಅಂದಿದ್ದು? ಸೋತು ಬಂದ್ರೆ ಮನೆ ಬಾಗಿಲು ತೆಗೆಯಲ್ಲ. ಆ ಸ್ಟೂಲನ್ನೇ ಇಸ್ಕೊಂಡು ಬಂದು ನಿಮ್ಮ ತಲೆ ಮೇಲೆ ಇಡ್ತೀನಿ. ಜನ್ಮ ಪೂರ್ತಿ ಹೊತ್ಕೊಂಡು ತಿರುಗಿ. ನಡೀರಿ ಒಳಗೆ."

ಗೇಟಿನಲ್ಲಿದ್ದ ತಂದೆತಾಯಿಗಳೆಲ್ಲ ತಮ್ಮ ತಮ್ಮ ಮಕ್ಕಳ ಕಣ್ಣು ಮುಚ್ಚಿದರು. ಆಯ್ತುಸಾರ್ ಮಾತ್ರ ಆಶೀರ್ವಾದ ಪಡೆದವನಂತೆ ಬೆಳಗುತ್ತ ಒಳಗೆ ಹೋದ. ಅವನು ಮರೆಯಾದ ಮೇಲೆ ಅವಳು ಗೋಡೆಗೊರಗಿ, ಹೂಗುಚ್ಛದಲ್ಲೇ ಕಣ್ಣು ಒರೆಸಿಕೊಂಡಳು.

ಒಳಗೆ ಅವನಿಗೆ ಸಿಕ್ಕಿದ ಕುರ್ಚಿ ಕುಂಟುತ್ತಿತ್ತು. ಮೇಲ್ವಿಚಾರಕ ಓಡಿಬಂದ. "ಕ್ಷಮಿಸಿ, ಬೇರೆ ತರಿಸ್ತೀನಿ. ಮೆತ್ತೆ ಇರೋದಿದೆ."

"ಬೇಡ ಸಾರ್. ಇದೇ ಇರಲಿ. ಇದರ ಮೇಲೆ ನನಗೆ ಅನುಭವ ಇದೆ."

ಮೊದಲ ಪ್ರಶ್ನೆಗಳು ಮಧ್ಯಮ. ಆಮೇಲೆ ಬಿಗಿಯಾದವು. ತ್ರಿಕೋನದೊಳಗೆ ವೃತ್ತ ಬಂತು, ವೃತ್ತದೊಳಗೆ ಇನ್ನೊಂದು ತ್ರಿಕೋನ. ಸುತ್ತಲಿನವರು ತಲೆ ಹಿಡಿದುಕೊಂಡರು, ಯಾರೋ ಬಿಕ್ಕಿದರು. ಆಯ್ತುಸಾರ್ ನಗುತ್ತಿದ್ದ. ಆ ಕೋಣೆಯಲ್ಲಿ ನಗು ಅಕ್ರಮದ ಗುರುತಾದ್ದರಿಂದ ಮೇಲ್ವಿಚಾರಕ ಅವನ ತೋಳು, ಅಂಗೈ, ಕುರ್ಚಿಯ ಅಡಿ ಎಲ್ಲ ಪರೀಕ್ಷಿಸಿ ನಿರಾಶನಾಗಿ ಹೋದ.

ಇದ್ದಕ್ಕಿದ್ದಂತೆ ತೆರೆಯ ಮೇಲೆ ಒಂದು ಸುಲಭದ ಪ್ರಶ್ನೆ ಮೂಡಿತು. ಎಷ್ಟು ಸುಲಭವೆಂದರೆ ಓದುವ ಮೊದಲೇ ಉತ್ತರ ಗೊತ್ತಿತ್ತು.  ಎಲ್ಲೋ ಜಾರಿದೆ. ಕಿಟಕಿಯ ಪಕ್ಕದ ಆರಾಮಕುರ್ಚಿ ಕಣ್ಣ ಮುಂದೆ ಹಿಂದಕ್ಕೆ ಹಿಂದಕ್ಕೆ ಸರಿಯಿತು. ನಡುಕಕ್ಕೆ ಕುರ್ಚಿಯ ರಜೆಯ ಕಾಲು ನೆಲಕ್ಕೆ ಟಕಟಕ ಬಡಿಯತೊಡಗಿತು.

"ರೀ ಮಿಸ್ಟರ್," ಮೇಲ್ವಿಚಾರಕ ಗುಡುಗಿದ. "ಏನು ಮನೆ ಅಂದ್ಕೊಂಡಿದೀರಾ? ಇನ್ನೊಂದು ಸಲ ಸದ್ದು ಬಂದ್ರೆ ಕುರ್ಚಿ ಸಮೇತ ಆಚೆ ಹಾಕ್ತೀನಿ."

ಆ ಗುಡುಗು ಆಯ್ತುಸಾರ್‌ನ ಕಿವಿಗೆ ಹಾಡಿನಂತೆ ಇಳಿಯಿತು. ಲೋಕ ಇನ್ನೂ ಕೈಬಿಟ್ಟಿಲ್ಲ. ಸುಲಭದ್ದಕ್ಕೆ ಉತ್ತರ ಒತ್ತಿದ. ಮುಂದಿನದು ಎಷ್ಟು ಕಷ್ಟದ್ದು ಬಂತೆಂದರೆ ಉತ್ತರ ಹಾಗಿರಲಿ, ಅದು ಪ್ರಶ್ನೆಯೇ ಎಂಬ ಅನುಮಾನ ಬಂತು. ಅವನು ತೋಳು ಮಡಚಿ, ಮುಂದಕ್ಕೆ ಬಾಗಿ, "ಹೇಳಿ ಮೇಡಂ," ಎಂದ.

ಮುಗಿದಾಗ ತೆರೆಯ ಮೇಲೆ ಅಂಕ ಬಂತು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಮೇಲ್ವಿಚಾರಕನನ್ನು ಕರೆದ. ಆತ ನೋಡಿದ, ಕನ್ನಡಕ ತೆಗೆದು ಮತ್ತೆ ನೋಡಿದ, ಆವತ್ತು ಮೊದಲ ಬಾರಿಗೆ ನಕ್ಕ. ಆಯ್ತುಸಾರ್‌ನ ಕುರ್ಚಿ ಮತ್ತೆ ಟಕಟಕ ಎಂದಿತು.

"ಯಾಕ್ರೀ ಹೆದರ್ತೀರಾ? ಈ ಅಂಕ ನಮ್ಮ ಸೆಂಟರಲ್ಲಿ ನಾನು ನೋಡೇ ಇರಲಿಲ್ಲ."

ಹೊರಗೆ ಬಂದು ಹೆಂಡತಿಗೆ ಹೇಳಿದಾಗ ಅವಳಿಗೆ ಬೈಯಲು ಒಂದೂ ಮಾತು ಸಿಗಲಿಲ್ಲ.

ಬಿಸಿನೆಸ್ ಸ್ಕೂಲಿನ ಸಂಜೆ ತರಗತಿಯಲ್ಲಿ ಅವನ ಸೀಟು ಆಮೇಲಿನ ಸಂದರ್ಶನದಲ್ಲಿ ಖಾಯಂ ಆಯಿತು. ಅಲ್ಲಿ ಪಂಡಿತರು ಸಿಟ್ಟಾದ ಗಿರಾಕಿಯೊಬ್ಬನ ಪ್ರಸಂಗ ಹೇಳಿ ಏನು ಮಾಡುವಿರೆಂದು ಕೇಳಿದ್ದಕ್ಕೆ, "ಇಷ್ಟೇನಾ ಸಾರ್?" ಎಂದು ಅವನು ನಿಜವಾಗಿಯೇ ಬೇಸರಪಟ್ಟನಂತೆ. ಅಂಗಡಿಯ ಮಾಲೀಕ ಮಾತು ಉಳಿಸಿಕೊಂಡ. ಹೊಸ ಮ್ಯಾನೇಜರಿಗೆ ಮೊದಲ ಹಾರ ಹಾಕಿದ್ದು ಸುಪ್ರೀಂ ಕೋರ್ಟ್. ಹೂವು ಬಾಡಿದೆಯೆಂದು ಹಾರದ ಅಂಗಡಿಯವನ ಮೇಲೆ ಅವರು ದೂರನ್ನೂ ಕೊಟ್ಟರು.

ಮುಂದಿನ ಭಾನುವಾರ ಮಾವನ ಹಜಾರದಲ್ಲಿ ನೆರೆಹೊರೆಯವರೂ ಸೇರಿದ್ದರು. ಮಾವ ಹಳೆಯ ಕೋಟು ತೊಟ್ಟು, ಹಳೆಯ ಹಸಿರು ಬಾವುಟ ಹಿಡಿದು ನಿಂತಿದ್ದರು.

"ದಯವಿಟ್ಟು ಗಮನಿಸಿ. ಬಹಳ ವರ್ಷ ತಡವಾಗಿ ಓಡುತ್ತಿರುವ ಕಿರಿಯಳಿಯಂದಿರು ಆರಾಮಕುರ್ಚಿಗೆ ಆಗಮಿಸುತ್ತಿದ್ದಾರೆ. ವಿಳಂಬಕ್ಕಾಗಿ ನಾವು ವಿಷಾದಿಸುತ್ತೇವೆ."

"ಈ ಸಲ ನಾನೂ ವಿಷಾದಿಸ್ತೀನಿ," ಎಂದರು ಒಳಗಿನಿಂದ ಅತ್ತೆ.

ಷಡ್ಡಕ ಎದ್ದು, ಗಂಟಲು ಸರಿಮಾಡಿಕೊಂಡು, ಸ್ಟೂಲಿನತ್ತ ನಡೆದು ಅಧಿಕಾರಿಯಂತೆ ಕೂತ. ಸ್ಟೂಲಿಗೆ ಅಧಿಕಾರಿಗಳ ಪರಿಚಯವಿರಲಿಲ್ಲ. ಎರಡು ಕಾಲು ಒಟ್ಟಿಗೆ ರಜೆ ಹಾಕಿದವು.

"ಬಲಗಡೆ ವಾಲಿ ಭಾವ," ಎಂದು ಆಯ್ತುಸಾರ್ ಓಡಿಹೋಗಿ ಎಬ್ಬಿಸಿ, ಕೂರುವ ಕ್ರಮ ತೋರಿಸಿಕೊಟ್ಟ. ಅದರಲ್ಲಿ ವ್ಯಂಗ್ಯವಿರಲಿಲ್ಲ. ತಜ್ಞನ ಕಾಳಜಿ, ಅಷ್ಟೇ.

ಆಮೇಲೆ ಬಂದು ಆರಾಮಕುರ್ಚಿಯಲ್ಲಿ ಕೂತ. ಮೆತ್ತೆ ಬೆನ್ನನ್ನು ಅಪ್ಪಿಕೊಂಡಿತು. ಅಗಲವಾದ ಕೈಗಳು ಅವನ ಕೈಗಳನ್ನು ಎತ್ತಿಕೊಂಡವು. ಎಲ್ಲಿಯೂ ಕುಂಟಿಲ್ಲ, ಎಲ್ಲಿಯೂ ಟಕಟಕವಿಲ್ಲ. ಎಲ್ಲರೂ ಅವನನ್ನೇ ನೋಡಿ ನಗುತ್ತಿದ್ದಾರೆ.  ಎರಡೂ ಕೈ ಊರಿ ಏಳಲು ಹವಣಿಸಿದ.

"ನೋಡೇ," ಎಂದ ಹೆಂಡತಿಗೆ ಮೆಲ್ಲಗೆ. "ಇದು ತುಂಬಾ ಸುಲಭವಾಗಿದೆ. ಎಲ್ಲೋ ತಪ್ಪು ಮಾಡಿದೀನಿ ಅನ್ಸುತ್ತೆ."

ಬಡಿಸಲು ಬಂದಿದ್ದ ಅವಳು ಈ ಸಲ ಯಾವ ಕಾಲನ್ನೂ ನೋಡಲಿಲ್ಲ. ಅವನ ಮುಖವನ್ನೇ ನೋಡಿ, ಭುಜದ ಮೇಲೆ ಕೈಯಿಟ್ಟು ಮೆತ್ತೆಗೆ ಒತ್ತಿ ಕೂರಿಸಿದಳು.

"ಸುಮ್ನೆ ಕೂತ್ಕೊಳ್ರೀ," ಎಂದಳು. "ಇದು ಪ್ರಶ್ನೆ ಅಲ್ಲ. ಉತ್ತರ."